ಉಪವಾಸದ ಚಾಂಪಿಯನ್

ನಾಯಿ ಪಳಗಿಸುವ ಕೆಲಸ ಕಲಿಯಬೇಕೆಂದು ಈಗ ತಿಂಗಳಿಗೆ ಒಬ್ಬರಾದರೂ ಮಕ್ತಲ್‌ನ ನಮ್ಮ ಮನೆಗೆ ಬರುತ್ತಾರೆ. ಬರುವಾಗ ಕೈಯಲ್ಲಿ ಫೋನು. ಫೋನಿನಲ್ಲಿ ಯಾವುದೋ ದೇಶದ ಹಸಿರು ಗುಡ್ಡ, ಆ ಗುಡ್ಡದ ಮೇಲೆ ಕಪ್ಪು ಬಿಳಿ ನಾಯಿಯೊಂದು ನೂರಾರು ಕುರಿಗಳನ್ನು ಅತ್ತಿಂದಿತ್ತ ತಿರುಗಿಸುವ ಚಿತ್ರ. "ಸಾರ್, ಹಿಂಗ ಮಾಡಸಬೇಕಂದ್ರ ಎಷ್ಟು ದಿನ ಬೇಕ್ರಿ?" ಎಂದು ಕೇಳುತ್ತಾರೆ. ನಾಯಿಗೆ ಆರು ತಿಂಗಳು, ನಾಯಿಯ ಮಾಲೀಕನಿಗೆ ಆರು ಜನ್ಮ ಎಂದು ಹೇಳುತ್ತೇನೆ. ನಕ್ಕು ಚಹಾ ಕುಡಿದು ಹೋಗುತ್ತಾರೆ. ನಾನು ತಮಾಷೆಗೆ ಹೇಳಿದ ಮಾತಲ್ಲ ಅದು.

ಬಾಯಲ್ಲಿ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ. ನನ್ನ ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ, ಏಕೆಂದರೆ ಬಂದಿಲ್ಲ. ನಾಯಿ ಪಳಗಿಸುವವನಾಗಿ ಸೇರಿದೆ, ನಾಯಿ ಪಳಗಿಸುವವನಾಗಿಯೇ ಮನೆಗೆ ಬಂದೆ. ಈ ಕೆಲಸದಲ್ಲಿ ಬಡ್ತಿ, ಬಿರುದು, ಕೊರಳಿಗೆ ಪದಕ ಎಲ್ಲ ನಾಯಿಗೆ. ಕಚ್ಚಿಸಿಕೊಳ್ಳುವುದಷ್ಟೇ ನಮಗೆ.

ನನ್ನ ಹೆಸರು ಗುರುರಾಜಾಚಾರ್. ಊರಲ್ಲಿ ಆ ಹೆಸರು ಹೇಳಿ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. 'ನಾಯಿ ಆಚಾರ್ರು' ಅಂದರೆ ಕೈಹಿಡಿದು ಕರೆತಂದು ಬಾಗಿಲಲ್ಲಿ ಬಿಡುತ್ತಾರೆ. ಅಪ್ಪ ಹನುಮಪ್ಪನ ಗುಡಿಯ ಅರ್ಚಕರು. ನಮ್ಮ ಮನೆತನದಲ್ಲಿ ಗಂಡಸರಿಗೆ ಇದ್ದದ್ದು ಎರಡೇ ದಾರಿ, ಒಂದು ಗಂಟೆ ಬಾರಿಸುವುದು, ಇನ್ನೊಂದು ಕಚೇರಿಯಲ್ಲಿ ಕಾಗದ ಬರೆಯುವುದು. ಮೊದಲನೆಯದಕ್ಕೆ ಅಣ್ಣ ಕುಳಿತಿದ್ದ. ಎರಡನೆಯದಕ್ಕೆ ಬೇಕಾದ ಪರೀಕ್ಷೆ ಮೂರು ಸಲ ಬರೆದೆ, ಮೂರು ಸಲವೂ ಪರೀಕ್ಷೆಯೇ ಗೆದ್ದಿತು. ಕೊನೆಗೆ ನಾರಾಯಣಪೇಟೆಯಲ್ಲಿ ಖಾಸಗಿ ದವಾಖಾನೆ ಇಟ್ಟಿದ್ದ ಒಬ್ಬ ದನದ ಡಾಕ್ಟರ ಬಳಿ ಕಾಂಪೌಂಡರ್ ಆದೆ. ಡಾಕ್ಟರು ಸೂಜಿ ಚುಚ್ಚುವಾಗ ನಾಯಿಯ ಬಾಯಿ ಹಿಡಿಯುವುದು ನನ್ನ ಕೆಲಸ. ಮನೆಯಲ್ಲಿ ಮಾತ್ರ ಕಚೇರಿ ಕೆಲಸ ಎಂದು ಹೇಳಿದ್ದೆ. ಆ ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಇಷ್ಟು: ಗುರುಗುಟ್ಟುವ ನಾಯಿ ಎಲ್ಲ ಸಲ ಕಚ್ಚುವುದಿಲ್ಲ, ಆದರೆ 'ನಮ್ ನಾಯಿ ಏನೂ ಮಾಡಂಗಿಲ್ರೀ' ಎಂದು ಮಾಲೀಕ ಹೇಳಿದ ನಾಯಿ ಎಲ್ಲ ಸಲ ಕಚ್ಚುತ್ತದೆ.

ಅಲ್ಲಿಗೇ ಒಂದು ದಿನ ಕಂಟ್ರಾಕ್ಟರ್ ಸಾಹೇಬರು ಬಂದರು. ಕಾಲುವೆ, ರಸ್ತೆ, ಶಾಲೆಯ ಕಟ್ಟಡ ಏನು ಕೊಟ್ಟರೂ ಕಟ್ಟುವವರು. ಮಕ್ತಲ್‌ನಿಂದ ಗದ್ವಾಲ್ ಕಡೆಗೆ ಹೋಗುವ ದಾರಿಯಲ್ಲಿ ಅವರದೊಂದು ತೋಟ. ಕೈಯಲ್ಲಿ ಎರಡು ತಿಂಗಳ ಆಲ್ಸೇಷಿಯನ್ ಮರಿ. ಯಾವುದೋ ಮದುವೆಯಲ್ಲಿ ಹೈದರಾಬಾದಿನ ದೊಡ್ಡವರೊಬ್ಬರು ತಮ್ಮ ನಾಯಿಗೆ ಏಳು ಬಿರುದುಗಳಿವೆ ಎಂದು ಇವರ ಮುಂದೆ ಹೇಳಿಬಿಟ್ಟಿದ್ದರಂತೆ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ತಮ್ಮ ಹೆಸರಿನ ಹಿಂದೆ ಹಾಕಿಕೊಳ್ಳಲು ಏನೂ ಇಲ್ಲದ ಮನುಷ್ಯ ನಾಯಿಯ ಹೆಸರಿನ ಹಿಂದೆ ಹಾಕಿಸಲು ನಿಶ್ಚಯಿಸಿದ್ದರು. ನಾನು ಮರಿಯ ಬಾಯಿ ಹಿಡಿದ ರೀತಿ ನೋಡಿ, "ಏಮಯ್ಯಾ ಆಚಾರಿ, ನಮ್ಮ ತೋಟಕ್ಕ ಬಂದುಬಿಡು, ಇದನ್ನ ಚಾಂಪಿಯನ್ ಮಾಡಿಕೊಡು" ಅಂದರು. ಡಾಕ್ಟರು ಕೊಡುತ್ತಿದ್ದದ್ದರ ಎರಡರಷ್ಟು ಹೇಳಿದರು. ಬಂದುಬಿಟ್ಟೆ.

ಮನೆಯಲ್ಲಿ ಅಮ್ಮನಿಗೆ ವಿಷಯ ತಿಳಿಸುವುದಕ್ಕೆ ಧೈರ್ಯ ಬೇಕಿತ್ತು. ಅಮ್ಮನ ಮಡಿ ಅಂದರೆ ಬೀದಿಯಲ್ಲಿ ನಾಯಿ ಬೊಗಳಿದರೆ ಅಡಿಗೆಮನೆಯಲ್ಲಿ ನೀರು ಚಿಮುಕಿಸುವ ಮಡಿ. "ಕಚೇರಿ ಅಂತ ಹೋದವಾ ನಾಯಿ ಹಿಡೀಲಿಕ್ಕೆ ನಿಂತಿಯೇನೋ?" ಎಂದು ಒಂದು ವಾರ ಮಾತು ಬಿಟ್ಟರು. ಆಮೇಲೆ ಒಂದು ಕರಾರು ಆಯಿತು. ನಾನು ಹಿತ್ತಲ ಬಾಗಿಲಿಂದ ಬಂದು, ಬಾವಿಯ ಕಟ್ಟೆಯ ಮೇಲೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಒಳಗೆ ಬರಬೇಕು. ನಾಯಿಗೆ ಏನಾದರೂ ತಿನ್ನಿಸಬೇಕಾದರೆ ಅದು ಅವರ ಒಲೆಯ ಮೇಲಿನದೇ ಆಗಿರಬೇಕು, ಏಕೆಂದರೆ ತೋಟದ ಕಾವಲುಗಾರ ಬೇಯಿಸುವ ಪದಾರ್ಥವನ್ನು ಮಗ ಮುಟ್ಟುವುದು ಅವರಿಗೆ ಸಹಿಸದು. ಹೀಗೆ ಒಂದು ವಿದೇಶಿ ತಳಿಯ ನಾಯಿ ಮಾಧ್ವರ ಮನೆಯ ಅನ್ನ, ತೊವ್ವೆ, ಮೊಸರು ತಿಂದು ಬೆಳೆಯಿತು. ಸಾಹೇಬರಿಗೂ ಅದು ಅಗ್ಗವಾಗಿತ್ತು. 'ನಮ್ಮ ನಾಯಿ ಪೂರಾ ಬ್ರಾಹ್ಮಣ ಊಟ' ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಹೆಸರಿನ ಸಂಗತಿ ಹೇಳಬೇಕು. ಸಾಹೇಬರು ಮೊದಲು ಅದಕ್ಕೆ 'ದೊರೆ' ಎಂದು ಹೆಸರಿಟ್ಟಿದ್ದರು. ಅಷ್ಟರಲ್ಲಿ ತೆಲಂಗಾಣದ ಚಳವಳಿ ಜೋರಾಯಿತು. ಊರೂರಲ್ಲಿ ದೊರೆಗಳ ಕಾಲ ಮುಗಿಯಿತು ಎಂದು ಹಾಡು ಕಟ್ಟಿ ಕುಣಿಯುತ್ತಿದ್ದರು. ತೋಟದ ಗೇಟಿನಲ್ಲಿ ನಿಂತು 'ದೊರೆ, ಬಾ' ಎಂದು ಕರೆಯುವುದು ಕ್ಷೇಮವಲ್ಲ ಎಂದು ಸಾಹೇಬರಿಗೆ ಅನಿಸಿತು. ರಾಜ್ಯ ಬೇಕೋ ಬೇಡವೋ ಎಂಬುದರಲ್ಲಿ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟವರು. ಹೈದರಾಬಾದಿನಲ್ಲಿ ಒಂದು ಮಾತು, ನದಿಯಾಚೆ ಆಂಧ್ರದ ಕಡೆಯ ಕರ್ನೂಲಿನಲ್ಲಿ ಇನ್ನೊಂದು. ಆದರೂ ಜಾಗ್ರತೆಗೆ ಇರಲೆಂದು ನಾಯಿಗೆ 'ಜೈ' ಎಂದು ಮರುನಾಮಕರಣ ಮಾಡಿದರು. ನಾನು ಹದಿನೈದು ದಿನ ಕಷ್ಟಪಟ್ಟು, ಜೈ ಅಂದರೆ ಎಲ್ಲಿದ್ದರೂ ಓಡಿಬರುವಂತೆ ಕಲಿಸಿದೆ.

ಹದಿನಾರನೆಯ ದಿನ ರಸ್ತೆ ತಡೆ. ಸಾವಿರ ಜನ ಒಂದೇ ದನಿಯಲ್ಲಿ ಜೈ ಎಂದು ಕೂಗಿದರು. ನಾಯಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು, ಬೇಲಿ ಹಾರಿ, ಮೆರವಣಿಗೆಯ ಮುಂಭಾಗಕ್ಕೆ ಹೋಗಿ ಶಿಸ್ತಾಗಿ ಕುಳಿತಿತು. ಅದರ ಹಿಂದೆ ನಾನು, ನನ್ನ ಹಿಂದೆ ನಮ್ಮಿಬ್ಬರನ್ನೂ ಬಯ್ಯುತ್ತ ಸಾಹೇಬರು. ಮರುದಿನದ ಪತ್ರಿಕೆಯಲ್ಲಿ ಮೂವರ ಚಿತ್ರವೂ ಬಂತು. ಕರ್ನೂಲಿನ ಗುತ್ತಿಗೆಯೊಂದು ಕೈತಪ್ಪಿತು, ನನಗೆ ಒಂದು ವಾರ ಮಂಗಳಾರತಿಯಾಯಿತು. ಮುಂದೆ ರಾಜ್ಯ ಬಂದ ಮೇಲೆ ಅದೇ ಚಿತ್ರಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಗಾಳಿ ಬಂದಾಗ ತೂರಿಕೊಳ್ಳುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ಬಿರುದುಗಳು. ಆಗ ಇಂಥ ಪಂದ್ಯಗಳಲ್ಲಿ ಮುಖ್ಯವಾದವು ಎರಡು. ಒಂದು, ಜಾಡು ಹಿಡಿಯುವುದು. ಒಬ್ಬ ಮನುಷ್ಯ ಬಯಲಲ್ಲಿ ನಡೆದುಹೋಗಿ ಅಲ್ಲಲ್ಲಿ ಕೈಚೀಲವನ್ನೋ ಬಟ್ಟೆಯ ತುಂಡನ್ನೋ ಇಟ್ಟು ಬರುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ನಾಯಿ ಅವನ ಹೆಜ್ಜೆಯ ವಾಸನೆ ಹಿಡಿದು ಹೋಗಿ, ಆ ವಸ್ತು ಸಿಕ್ಕಲ್ಲೆಲ್ಲ ಅದರ ಮುಂದೆ ಕುಳಿತು ತೋರಿಸಬೇಕು. ಕಲಿಸುವಾಗ ಹೆಜ್ಜೆಹೆಜ್ಜೆಗೆ ಮಾಂಸದ ಚೂರು ಹಾಕುತ್ತ ಹೋಗುವುದು ಪದ್ಧತಿ. ಸಾಹೇಬರು ಒಂದು ಡಬ್ಬಿ ತುಂಬ ಒಣಖಂಡ ಕೊಟ್ಟು, ಬಿಸಿಲಲ್ಲಿ ಒಣಗಿಸಿದ ಕುರಿಮಾಂಸ, ಕೆಡುವುದಿಲ್ಲ ಎಂದರು. ಮುಟ್ಟುವುದು ಹೇಗೆ? ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳವೊಂದನ್ನು ಸಂತೆಯಲ್ಲಿ ಕೊಂಡೆ. ಹಣೆಯಲ್ಲಿ ಅಂಗಾರ ಅಕ್ಷತೆ, ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಖಂಡ. ಬಟ್ಟೆಯಲ್ಲಿ ಸುತ್ತಿದ ಖಂಡದ ಗಂಟನ್ನು ಕೊನೆಯಲ್ಲಿ ಇಟ್ಟು ಬರುತ್ತಿದ್ದೆ. ಜೈ ಬಂದು ಅದರ ಮುಂದೆ ಕುಳಿತರೆ ಗಂಟು ಬಿಚ್ಚುವುದು, ಅದೇ ಬಹುಮಾನ. ಅನ್ನ ಮೊಸರಿನ ನಾಯಿಗೆ ಆ ಗಂಟೇ ವೈಕುಂಠ.

ಎರಡನೆಯ ಬಿರುದು, ಕುರಿ ಹೊಡೆಯುವುದು. ನಾಯಿ ಒಂದು ಹಿಂಡನ್ನು ಬಯಲಿನ ಆಚೆ ತುದಿಯಿಂದ ತಂದು, ನೆಟ್ಟ ಕಂಬಗಳ ನಡುವೆ ಹಾಯಿಸಿ, ದೊಡ್ಡಿಗೆ ತುಂಬಬೇಕು. ಕಲಿಸಲು ಕುರಿ ಬೇಕಲ್ಲ, ಹಾಗೆ ನನಗೆ ಮೈಲಾರಪ್ಪನ ಪರಿಚಯವಾಯಿತು. ಉಟ್ಕೂರ್ ಕಡೆಯ ಕುರುಬ. ವಯಸ್ಸಿನಲ್ಲಿ ನನ್ನ ವಾರಿಗೆಯವನೇ. ಸುಗ್ಗಿ ಮುಗಿದ ಮೇಲೆ ರೈತರು ಕರೆದ ಹೊಲದಲ್ಲಿ ಹಿಂಡನ್ನು ರಾತ್ರಿ ನಿಲ್ಲಿಸಿ, ಆ ಗೊಬ್ಬರಕ್ಕೆ ಬದಲಾಗಿ ಜೋಳ ಪಡೆದು ಮುಂದಿನ ಊರಿಗೆ ಹೋಗುವವನು. ಮೂರು ದಿನ ನನ್ನ ಪಾಠ ನೋಡಿದ. ನಾಲ್ಕನೆಯ ದಿನ ತಡೆಯಲಾರದೆ ಕೇಳಿದ.

"ಆಚಾರ್ರ, ನಿಮ್ ನಾಯಿ ಕುರಿಗಳ ಹಿಂದ ಯಾಕ ಓಡ್ತೈತ್ರಿ?"

"ಹೊಡಿಲಿಕ್ಕೆ, ಮೈಲಾರಪ್ಪ. ಹಿಂದಿಂದ ಅಂಜಿಸಿದ್ರ ಅವು ಮುಂದ ಹೋಗ್ತಾವ."

"ಅಯ್ಯ, ಕುರಿ ಅಂದ್ರ ಅಂಜಿ ಹೋಗೂವೇನ್ರಿ? ನಾ ಮುಂದ ನಡಿತೀನಿ, ಅವು ಬರ್ತಾವ. ನಮ್ ನಾಯಿ ಇರೂದು ತೋಳ ಕಾಯಾಕ. ಕುರಿ ಕಾಯಾಕ ನಾ ಇದ್ದೀನಲ್ಲ."

ಇದನ್ನು ಸಾಹೇಬರಿಗೆ ತಿಳಿಸಿದೆ. ಅವರು ಪುಸ್ತಕ ತೋರಿಸಿದರು. ಪುಸ್ತಕದಲ್ಲಿ ಹಿಂದಿನಿಂದ ಎಂದೇ ಇತ್ತು.

ಪಂದ್ಯ ನಡೆದದ್ದು ಕರ್ನೂಲಿನಲ್ಲಿ, ರಾಜ್ಯ ಇನ್ನೂ ಒಡೆದಿರಲಿಲ್ಲ. ಪಂದ್ಯಕ್ಕೆ ಕುರಿ ಒದಗಿಸುವ ಪುಣ್ಯವನ್ನೂ ಸಾಹೇಬರೇ ಕಟ್ಟಿಕೊಂಡಿದ್ದರಿಂದ ಮೈಲಾರಪ್ಪನೂ ಅವನ ಇಪ್ಪತ್ತು ಕುರಿಗಳೂ ಲಾರಿಯಲ್ಲಿ ಬಂದಿದ್ದರು. ತೀರ್ಪುಗಾರರು ದೊಡ್ಡ ಟೊಪ್ಪಿಗೆಯವರು, ಎಲ್ಲಿಂದಲೋ ವಿಮಾನದಲ್ಲಿ ಬಂದಿದ್ದರು. ಸೀಟಿ ಊದಿದರು. ಜೈ ಓಡಿಹೋಗಿ ಹಿಂಡಿನ ಹಿಂದೆ ನಿಂತು ಬೊಗಳಿತು. ಒಂದು ಟಗರು ತಿರುಗಿ, ಅದನ್ನು ಮೇಲಿಂದ ಕೆಳಗೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಬಂದು ಗುದ್ದಿತು. ಜೈ ಎರಡು ಪಲ್ಟಿ ಹೊಡೆದು ಎದ್ದು, ಟಗರಿನಿಂದ ಸಾಧ್ಯವಾದಷ್ಟು ದೂರದಲ್ಲಿ ಬಾಲ ಮಡಿಚಿ ನಿಂತಿತು. ದೊಡ್ಡಿಯ ಆಚೆ, ಬೇವಿನ ಗಿಡದ ಬುಡದಲ್ಲಿ ಬೀಡಿ ಸೇದುತ್ತಿದ್ದ ಮೈಲಾರಪ್ಪ ನನ್ನನ್ನು ನೋಡಿದ. ಬೀಡಿ ಕೆಳಗಿಟ್ಟು, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಮೆಲ್ಲಗೆ ಒಂದು ಸದ್ದು ತೆಗೆದ. ಇಪ್ಪತ್ತು ಕುರಿಗಳೂ ತಲೆಯೆತ್ತಿದವು. ಸಾಲುಹಿಡಿದು, ಕಂಬಗಳ ನಡುವೆ ಹಾದು, ಮದುವೆಯ ಪಂಕ್ತಿಗೆ ಹೋಗುವವರ ಹಾಗೆ ದೊಡ್ಡಿಗೆ ನಡೆದವು. ಜೈ ಎಲ್ಲರಿಗಿಂತ ಹಿಂದೆ, ಬಹಳ ಮರ್ಯಾದೆಯಿಂದ ಬಂತು.

ಟೊಪ್ಪಿಗೆಯವರು ಎದ್ದು ಚಪ್ಪಾಳೆ ತಟ್ಟಿದರು. ಇಷ್ಟು ಶಾಂತವಾಗಿ, ಇಷ್ಟು ದೂರದಿಂದ, ಬರೀ ಗಾಂಭೀರ್ಯದಿಂದಲೇ ಹಿಂಡನ್ನು ಆಳುವ ನಾಯಿಯನ್ನು ತಾವು ಕಂಡಿಲ್ಲವೆಂದು ಬರೆದುಕೊಟ್ಟರು. ನಾನು ಮೈಲಾರಪ್ಪನಿಗೆ ಗುಟ್ಟಾಗಿ ಕೈಮುಗಿದೆ. "ಇರ್ಲಿ ಬಿಡ್ರಿ, ಅದರ ಮಾನಾನೂ ಮಾನಾನ" ಅಂದ.

ಜಾಡಿನ ಬಿರುದಿನ ಕಥೆ ಬೇರೆ. ಅದರಲ್ಲಿ ತಪ್ಪೆಲ್ಲ ನನ್ನದು, ನಮ್ಮ ಮನೆಯದು. ಏಕಾದಶಿಯ ದಿನ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ದಶಮಿಯಂದು ಒಪ್ಪೊತ್ತು ಊಟ, ಏಕಾದಶಿ ಪೂರ್ತಿ ಉಪವಾಸ, ದ್ವಾದಶಿಯ ಬೆಳಗಿನ ಜಾವಕ್ಕೇ ಪಾರಣೆ. ನಮ್ಮ ಮನೆಯಲ್ಲಿ ಬೇಯದಿದ್ದರೆ ಜೈಗೂ ಇಲ್ಲ. ಮೊದಲ ಸಲ ಹೀಗಾದಾಗ ನನಗೆ ಸಂಕಟವಾಯಿತು, ನಿಜ. ಆದರೆ ಅಂದು ಸಾಯಂಕಾಲದ ಅಭ್ಯಾಸದಲ್ಲಿ ಜೈ ನೆಲಕ್ಕೆ ಮೂಗು ಹಚ್ಚಿ ರೈಲಿನಂತೆ ಹೋಯಿತು. ಮೊದಲ ಪಂದ್ಯವೂ ದೈವಯೋಗದಿಂದ ಏಕಾದಶಿಯ ದಿನವೇ ಬಿತ್ತು, ಗೆದ್ದೆವು. ಎರಡನೆಯದು ದ್ವಾದಶಿಯಂದು. ಅಮ್ಮನ ಪಾರಣೆಯ ಪಾಯಸ ಉಂಡು ಬಂದಿದ್ದ ಜೈ ಅರ್ಧ ದಾರಿಯಲ್ಲಿ ಎಕ್ಕದ ಗಿಡದ ನೆರಳು ನೋಡಿ ಮಲಗಿಬಿಟ್ಟಿತು. ಹಸಿದ ಮೂಗು ಚುರುಕು ಎಂಬ ಸೂತ್ರ ಸಿಕ್ಕಿತು. ಅಂದಿನಿಂದ ಪಂದ್ಯದ ಹಿಂದಿನ ದಿನವೆಲ್ಲ ದಶಮಿ, ಪಂದ್ಯದ ದಿನವೆಲ್ಲ ಏಕಾದಶಿ. ನಮ್ಮ ಪಂಚಾಂಗದಲ್ಲಿ ತಿಂಗಳಿಗೆ ಏಕಾದಶಿ ಎರಡು, ಜೈಯ ಪಂಚಾಂಗದಲ್ಲಿ ನಾಲ್ಕೈದು. ಯಾರಿಗೂ ಹೇಳಲಿಲ್ಲ. ಸಾಹೇಬರು ಎಲ್ಲವೂ ಮಂತ್ರಾಲಯದ ಕೃಪೆ ಎಂದು ತಿಳಿದು ಅಲ್ಲಿಗೆ ಹೋಗಿ ಬಂದರು.

ಈ ವೃತ್ತಿಗೆ ಬರುವವರು ಒಂದು ಮಾತು ಗಟ್ಟಿಯಾಗಿ ತಿಳಿದುಕೊಳ್ಳಬೇಕು. ಪಂದ್ಯದ ಬಯಲಲ್ಲಿ ಇರುವುದು ಒಬ್ಬನ ಹೆಜ್ಜೆ, ಒಂದು ಗಂಟು. ಅಲ್ಲಿ ಗೆದ್ದ ನಾಯಿಗೆ ಆ ಆಟ ಬರುತ್ತದೆ, ಅಷ್ಟೇ. ಕಳ್ಳ ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ಕಳ್ಳತನ ಅಂದರೇನು ಎಂಬುದೂ ಗೊತ್ತಿಲ್ಲ. ಇದನ್ನು ನಾನು ಸಾಹೇಬರಿಗೆ ಮೊದಲ ದಿನವೇ ಹೇಳಬೇಕಾಗಿತ್ತು.

ರಾಜ್ಯ ಬಂತು. ಪಂದ್ಯ ನಡೆಸುವ ಸಂಘವೂ ಎರಡಾಯಿತು. ಕರ್ನೂಲಿನಲ್ಲಿ ಗೆದ್ದ ಕುರಿಯ ಬಿರುದು ನದಿಯಾಚೆಯದಾದ್ದರಿಂದ ಈಚೆ ನಡೆಯದು ಎಂದು ಹೊಸ ಸಂಘ, ಗೆದ್ದವರು ಈಚೆಯವರಾದ್ದರಿಂದ ಆಚೆ ನಡೆಯದು ಎಂದು ಹಳೆಯ ಸಂಘ. ಎರಡು ವರ್ಷ ಕಾಗದ ಓಡಾಡಿದವು. ಜೈ ಮಾತ್ರ ಯಾವ ರಾಜ್ಯದ ಮೊಸರನ್ನಕ್ಕೂ ಬೇಡವೆನ್ನಲಿಲ್ಲ. ಸಾಹೇಬರು ಎಲ್ಲ ಬಿರುದುಗಳನ್ನೂ ಒಂದು ಹಲಗೆಯ ಮೇಲೆ ಬರೆಸಿ ಗೇಟಿಗೆ ಹಾಕಿದರು, ಏಕೆಂದರೆ ಚುನಾವಣೆ ಹತ್ತಿರ ಬರುತ್ತಿತ್ತು ಮತ್ತು ಅವರಿಗೆ ಟಿಕೆಟ್ ಬೇಕಾಗಿತ್ತು.

ಆಗ ಉಟ್ಕೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಬೋರಿನ ಕೇಬಲ್ ಕಳುವಾಯಿತು. ಒಂದೇ ರಾತ್ರಿಯಲ್ಲಿ ನಾಲ್ಕು ಹೊಲದ ಮೋಟಾರುಗಳ ತಾಮ್ರದ ಕೇಬಲ್ ಕತ್ತರಿಸಿಕೊಂಡು ಹೋಗಿದ್ದರು. ಅದರಲ್ಲಿ ಒಂದು ಹೊಲದಲ್ಲಿ ಆ ರಾತ್ರಿ ಮೈಲಾರಪ್ಪನ ಹಿಂಡು ನಿಂತಿತ್ತು. ರೈತರಿಗೆ ಅಷ್ಟು ಸಾಕಾಯಿತು. ಊರಿಂದ ಊರಿಗೆ ತಿರುಗುವವನು, ರಾತ್ರಿ ಹೊಲದಲ್ಲಿ ಮಲಗುವವನು, ಅವನಲ್ಲದೆ ಇನ್ಯಾರು? ಹಿಂಡಿನ ಅರ್ಧ ಕುರಿಗಳನ್ನು ದಂಡವಾಗಿ ಬಿಟ್ಟು ಹೋಗು ಎಂದು ಅವನನ್ನು ಬೆಳಿಗ್ಗೆಯಿಂದ ಬೇವಿನ ಗಿಡದ ಕೆಳಗೆ ಕೂರಿಸಿದ್ದರು. ಕುರಿ ಹೋದರೆ ಹೋಗಲಿ, ಒಂದು ಸಲ ಕಳ್ಳನೆಂದು ಹೆಸರು ಬಿದ್ದರೆ ಸುತ್ತಲ ಯಾವ ಊರಿನವರೂ ಮತ್ತೆ ಅವನ ಹಿಂಡನ್ನು ಹೊಲಕ್ಕೆ ಕರೆಯುವುದಿಲ್ಲ. ಅಲ್ಲಿಗೆ ಅವನ ಬದುಕೇ ಮುಗಿದಂತೆ.

ಸಾಹೇಬರಿಗೆ ಸುದ್ದಿ ಮುಟ್ಟಿತು. "ಆಚಾರಿ, ಜೀಪು ತೆಗಿಸು. ಇವತ್ತು ನಮ್ಮ ಚಾಂಪಿಯನ್ ಕಳ್ಳನ್ನ ಹಿಡೀತದ" ಎಂದು ಫೋನು ಮಾಡಿದರು.

"ಸಾಹೇಬ್ರ, ಇವತ್ತು ಬ್ಯಾಡ್ರಿ."

"ಯಾಕ?"

"ಇವತ್ತು ಏಕಾದಶಿ ಅದರಿ."

"ನಿನಗ ಏಕಾದಶಿ ಕಣಯ್ಯಾ, ನಾಯಿಗೇನು?"

ನಾಯಿಗೂ ಏಕಾದಶಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದು ನಿನ್ನೆ ಮಧ್ಯಾಹ್ನ ಉಂಡದ್ದು, ಹಸಿದ ಅದರ ಮೂಗು ಊರ ನಡುವೆ ಎತ್ತ ತಿರುಗುತ್ತದೋ ಯಾರು ಬಲ್ಲರು. ಲಕ್ಷ ಬೆಲೆ ಬಾಳುವ ನಾಯಿಯನ್ನು ಇಷ್ಟು ವರ್ಷ ಉಪವಾಸ ಕೆಡವಿ ಗೆಲ್ಲಿಸಿದ್ದೇನೆಂದು ಹೇಗೆ ಹೇಳಲಿ?

ಹೋದೆವು. ಸಾಹೇಬರು ಮೈಕು ತಂದಿದ್ದರು, ವಿಡಿಯೋದವನನ್ನೂ ತಂದಿದ್ದರು. ಊರಿಗೆ ಊರೇ ಹೊಲದಲ್ಲಿತ್ತು. ಕೇಬಲ್ ಕತ್ತರಿಸಿದ ಜಾಗವನ್ನು ಬೆಳಗಿನಿಂದ ಇನ್ನೂರು ಜನ ತುಳಿದಿದ್ದರು, ಬಿಸಿಲು ಏರಿ ನೆಲ ಕಾದಿತ್ತು. ಭೂಲೋಕದ ಯಾವ ನಾಯಿಗೂ ಅಲ್ಲಿ ಜಾಡು ಸಿಗುತ್ತಿರಲಿಲ್ಲ. ಜೈಗೆ ಕೇಬಲ್ಲಿನ ತುದಿ ಮೂಸಿಸಿದೆ. ಅದು ನೆಲ ಮೂಸಿತು, ಏನೂ ತಿಳಿಯಲಿಲ್ಲ. ಆಮೇಲೆ ಮೂಗು ಮೇಲೆತ್ತಿತು. ಗಾಳಿ ಬೇವಿನ ಗಿಡದ ಕಡೆಯಿಂದ ಬೀಸುತ್ತಿತ್ತು. ಹಗ್ಗ ಬಿಗಿದು ಜೈ ನೆಟ್ಟಗೆ ನಡೆದು, ಕಂಬಳಿಯ ಮೇಲೆ ಕುಳಿತಿದ್ದ ಮೈಲಾರಪ್ಪನ ಮುಂದೆ ಹೋಗಿ, ನಾನು ಕಲಿಸಿದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಕುಳಿತಿತು. ಮೈಲಾರಪ್ಪನ ಮಗ್ಗುಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಅವನ ಬುತ್ತಿಯ ಗಂಟಿತ್ತು.

ನನಗೆ ಆ ಕ್ಷಣವೇ ತಿಳಿಯಿತು. ಜನ ಹೋ ಎಂದು ಕೂಗಿದರು. ಸಾಹೇಬರು ಮೈಕು ಹಿಡಿದು, ನಾಯಿಯ ಬಿರುದುಗಳನ್ನು ಒಂದೊಂದಾಗಿ ಓದಿದರು. "ಜಾಡು ಹಿಡಿಯೋದ್ರಾಗ ಚಾಂಪಿಯನ್! ಕುರಿ ಕಾಯೋದ್ರಾಗ ಚಾಂಪಿಯನ್! ಇಂಥ ನಾಯಿ ಸುಳ್ಳು ಹೇಳ್ತದೇನ್ರಿ?" ಕುರಿಯ ಬಿರುದಿನ ಮಾತು ಬಂದಾಗ ಮೈಲಾರಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಏನೂ ಅನ್ನಲಿಲ್ಲ. ಒಂದು ಬೀಡಿ ಸೇದುವಷ್ಟು ಹೊತ್ತು, ಹಗ್ಗ ಹಿಡಿದು, ನೆಲ ನೋಡುತ್ತ ನಿಂತಿದ್ದೆ. ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ.

ಇಬ್ಬರು ಹಿಂಡಿನೊಳಗೆ ನುಗ್ಗಿ ಒಂದು ಗಬ್ಬದ ಕುರಿಯ ಕಾಲು ಹಿಡಿದೆಳೆದರು. ಅದು ಅರಚಿತು. ಮೈಲಾರಪ್ಪ ಎದ್ದು ನಿಂತ. ಅವನನ್ನು ಭುಜ ಹಿಡಿದು ಕೂರಿಸಿದರು. ಆಗ ನನ್ನ ಬಾಯಿ ತೆರೆಯಿತು.

"ಸಾಹೇಬ್ರ, ನಾಯಿ ಕಳ್ಳನ್ನ ಹಿಡಿದಿಲ್ಲ. ಬುತ್ತಿ ಹಿಡಿದದ."

"ಏನು?"

"ಅದು ನಿನ್ನೆಯಿಂದ ಉಪವಾಸ ಅದರಿ. ಈ ಗಂಟಿನಾಗ ಒಣಖಂಡ ಇರಬೇಕು. ನಾನೇ ಹಂಗ ಕಲಿಸೀನಿ. ಗಂಟು ಎಲ್ಲಿರ್ತದೋ ಅಲ್ಲಿ ಕೂಡ್ತದ."

ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದು, "ಹುಚ್ಚು ಹಿಡಿದದೇನು ನಿನಗ?" ಎಂದು ಹಲ್ಲು ಕಡಿದರು. ಊರಿನ ಹಿರಿಯನೊಬ್ಬ, "ಆಚಾರ್ರು ಪಾಪ, ಕುರುಬನ ಮ್ಯಾಲೆ ಮರುಗ್ಯಾರ" ಎಂದ. ಮಾತಿನಿಂದ ಆಗುವ ಕೆಲಸವಲ್ಲ ಎಂದು ತಿಳಿದು ನಾನು ಬಗ್ಗಿ ಗಂಟಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ್ರಿ ಆಚಾರ್ರ, ಅದ್ರಾಗ ಖಂಡ ಐತ್ರಿ" ಎಂದು ಮೈಲಾರಪ್ಪ ಗಾಬರಿಯಿಂದ ಅಂದ. ಕಳ್ಳನೆಂದಾಗ ಸುಮ್ಮನಿದ್ದವನು ನನ್ನ ಮಡಿ ಕೆಡುತ್ತದೆಂದು ಗಾಬರಿಯಾದ.

ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೂವತ್ತು ಹೆಜ್ಜೆ ಆಚೆ ಹೋಗಿ ನಿಂತೆ. ಜೈ ಎದ್ದು ಬಂದು ನನ್ನ ಮುಂದೆ ಕುಳಿತಿತು. ಈಗ ತಿಳಿಯಿತಲ್ಲ ಎಂದು ಜನರ ಕಡೆ ನೋಡಿದೆ. ಅದೇ ಹಿರಿಯ ಗಲ್ಲ ತುರಿಸಿಕೊಂಡು, "ಓಹೋ, ಹಂಗಾದ್ರ ಇದ್ರಾಗ ಆಚಾರ್ರದೂ ಪಾಲೈತಿ ಅನ್ರಿ!" ಎಂದ. ಹೌದೌದು ಎಂದು ನಾಲ್ಕು ಜನ ನನ್ನ ಕಡೆ ಬರತೊ​ಡಗಿದರು. ನಂಬಿಕೆ ಅಂದರೆ ಹಾಗಿರಬೇಕು!

ನಾನು ಓಡಿಹೋಗಿ ಗಂಟನ್ನು ಸಾಹೇಬರ ಮುಂದೆ ಚಾಚಿದೆ. ಚುನಾವಣೆ ಹತ್ತಿರ ಬಂದ ಮನುಷ್ಯ. ಮನವಿಯೋ ಮಾಲೆಯೋ, ಎದುರು ಚಾಚಿದ್ದನ್ನೆಲ್ಲ ತೆಗೆದುಕೊಳ್ಳುವುದು ರೂಢಿಯಾಗಿಬಿಟ್ಟಿತ್ತು. ನಗುತ್ತ ತೆಗೆದುಕೊಂಡರು. ಜೈ ಸಾಹೇಬರ ಮುಂದೆ ಹೋಗಿ, ಬೆನ್ನು ನೆಟ್ಟಗೆ ಮಾಡಿ, ಅವರ ಮುಖವನ್ನೇ ನೋಡುತ್ತ ಕುಳಿತಿತು. ವಿಡಿಯೋದವನು ಹತ್ತಿರ ಹೋದ.

ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು, "ಸಾಹೇಬ್ರ, ಕೇಬಲ್ ಎಲ್ಲಿಟ್ಟೀರಿ?"

ಊರು ನಗತೊಡಗಿತು. ಸಾಹೇಬರು ಗಂಟನ್ನು ಕೆಂಡ ಹಿಡಿದವರಂತೆ ಕೆಳಗೆ ಬಿಟ್ಟು, "ನಾಯಿಗೆ ಆರಾಮಿಲ್ಲ, ಜ್ವರ ಬಂದದ" ಎಂದು ಮೈಕಿನಲ್ಲೇ ಹೇಳಿ, ನಮ್ಮಿಬ್ಬರನ್ನೂ ಅಲ್ಲಿಯೇ ಬಿಟ್ಟು ಜೀಪು ಹತ್ತಿದರು. ಕುರಿಯ ಕಾಲು ಹಿಡಿದವರು ಕಾಲು ಬಿಟ್ಟರು. ಜನ ಒಬ್ಬೊಬ್ಬರಾಗಿ ಊಟದ ಹೊತ್ತಾಯಿತೆಂದು ಹೊರಟರು. ತಪ್ಪಾಯಿತು ಎಂದು ಮೈಲಾರಪ್ಪನಿಗೆ ಒಬ್ಬರೂ ಅನ್ನಲಿಲ್ಲ.

ಮುಂದಿನದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಾಹೇಬರಿಗೆ ಟಿಕೆಟ್ ಸಿಗಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ, ತೆಗೆದರೆ ಕಾರಣ ಹೇಳಬೇಕಾಗುತ್ತಿತ್ತು. ಬಿರುದಿನ ಹಲಗೆ ಗೇಟಿನಿಂದ ಇಳಿಯಿತು. ಜೈಯ ಏಕಾದಶಿ ನಿಂತಿತು, ಆಮೇಲೆ ಅದು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ದುಂಡಗೆ ಬೆಳೆದು ಸುಖವಾಗಿ ಮುದಿಯಾಯಿತು. ಕೇಬಲ್ ಕದ್ದವರು ಯಾರೆಂದು ಇಂದಿಗೂ ತಿಳಿದಿಲ್ಲ. ಅದೇ ಊರಲ್ಲಿ ಮತ್ತೆ ಎರಡು ಸಲ ಕಳುವಾಯಿತು, ಆಗ ಮೈಲಾರಪ್ಪನ ಹಿಂಡು ಕೃಷ್ಣೆಯ ದಂಡೆಯಲ್ಲಿತ್ತು.

ಆ ದಿನ ಹೊಲ ಖಾಲಿಯಾದ ಮೇಲೆ ಬೇವಿನ ಗಿಡದ ಕೆಳಗೆ ಉಳಿದವರು ನಾವು ಮೂವರೇ. ಮೈಲಾರಪ್ಪ ಗಂಟಿನ ಮಣ್ಣು ಝಾಡಿಸಿ ಬಿಚ್ಚಿದ. ಮೇಲೆ ನಾಲ್ಕು ಜೋಳದ ರೊಟ್ಟಿ, ಕೆಳಗೆ ಎಲೆಯಲ್ಲಿ ಬೇರೆಯಾಗಿ ಸುತ್ತಿದ ಖಂಡ. ಖಂಡವನ್ನೆಲ್ಲ ಜೈ ಮುಂದೆ ಹಾಕಿದ. ಅದು ಉಸಿರು ತೆಗೆಯದೆ ತಿಂದಿತು.

"ತಪ್ಪಾತು, ಮೈಲಾರಪ್ಪ" ಎಂದೆ. "ನಾಯಿ ಹಸಿದಿತ್ತು."

"ಅದರದೇನು ತಪ್ಪೈತ್ರಿ? ಹಸಿದಿತ್ತು, ಬಂದು ಕುಂತಿತು. ಈ ಮಂದಿ ಎಲ್ಲಾ ಉಂಡು ಬಂದಿದ್ರಲ್ರೀ, ಅವ್ರ್ಯಾಕ ಬಂದು ನನ್ ಸುತ್ತ ಕುಂತ್ರು?"

ಅವನು ನನ್ನ ಮುಖ ನೋಡದೆಯೇ ಕೇಳಿದ, "ನಿಮಗ ಮೊದಲ ಗೊತ್ತಾಗಿತ್ತು. ಅಷ್ಟು ಹೊತ್ತು ಯಾಕ ಸುಮ್ಮನ ನಿಂತ್ರಿ ಆಚಾರ್ರ?"

ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ನೌಕರಿ ಹೋಗ್ತದಂತ ಅಂಜಿದೆ" ಎಂದೆ.

"ಹಂಗಾದ್ರ ನೀವೂ ಹಸಿದಿದ್ರಿ ಅನ್ರಿ" ಎಂದು ಒಂದು ರೊಟ್ಟಿ ಮುರಿದು ಅರ್ಧವನ್ನು ನನ್ನ ಕಡೆ ಚಾಚಿದ.

ಇಂದು ಏಕಾದಶಿ ಎನ್ನಲು ಬಾಯಿ ತೆರೆದೆ. ಅವನ ಕೈ ಹಾಗೆಯೇ ಚಾಚಿತ್ತು. ತೆಗೆದುಕೊಂಡು, ಅವನ ಕಂಬಳಿಯ ತುದಿಯ ಮೇಲೆ ಕುಳಿತು, ತಿಂದೆ.